ಗುರಿಸ್ಪರ್ಧೆಯ ರಿವಾಲ್ವರ್‌ಗಳ ಹೊಂದಾಣಿಕೆ ಸೈಟ್‌ಗಳು: ರಚನೆ ಮತ್ತು ಪರೀಕ್ಷೆ

ಗುಂಡು ಬೀಳುವ ಜಾಗವನ್ನು ಶೂಟರ್ ಗುರಿಯಿಡುವ ಜಾಗಕ್ಕೆ ತಂದು ಕೂಡಿಸಲು, ಮೇಲೆ-ಕೆಳಗೆ ಮತ್ತು ಎಡಕ್ಕೆ-ಬಲಕ್ಕೆ ಸರಿಸಬಹುದಾದಂತೆ ರೂಪಿಸಿದ ಗುರಿಸಾಧನವೇ ಹೊಂದಾಣಿಕೆ ಸೈಟ್. ರಿವಾಲ್ವರಿನಲ್ಲಿ ಇದಕ್ಕೆ ಎರಡು ಭಾಗಗಳು. ನಳಿಗೆಯ ತುದಿಯಲ್ಲಿ ನೆಟ್ಟಗೆ ನಿಂತ ಅಲಗು ಮುಂದಿನ ಸೈಟ್. ಹ್ಯಾಮರಿನ ಮುಂಭಾಗದಲ್ಲಿ, ಚೌಕಟ್ಟಿನ ಮೇಲ್ಪಟ್ಟಿಯ ಮೇಲೆ ಕೂರುವ, ನಡುವೆ ಕಚ್ಚು ಇರುವ ಫಲಕ ಹಿಂದಿನ ಸೈಟ್. ಕಚ್ಚಿನ ನಡುವೆ ಅಲಗು ನಿಂತು, ಎರಡರ ತಲೆಯೂ ಒಂದೇ ಮಟ್ಟದಲ್ಲಿದ್ದು, ಎರಡೂ ಬದಿಯ ಬೆಳಕಿನ ಸಂದು ಸಮನಾಗಿ ಕಂಡರೆ ಸೈಟ್ ಕೂಡಿದೆ ಎಂದರ್ಥ. ಇಂದಿನ ಹೆಚ್ಚಿನ ರಿವಾಲ್ವರ್‌ಗಳಲ್ಲಿ ಸರಿಯುವುದು ಹಿಂದಿನ ಸೈಟ್ ಮಾತ್ರ.

ರೈಫಲಿನ ಸೈಟಿಗೆ ಇಲ್ಲದ ಕೆಲವು ತೊಡಕುಗಳು ರಿವಾಲ್ವರಿನ ಸೈಟಿಗಿವೆ. ಗುಂಡು ಒಂದೇ ಚೇಂಬರಿನಿಂದ ಹೊರಡದೆ ಸರದಿಯ ಮೇಲೆ ಐದಾರು ಚೇಂಬರ್‌ಗಳಿಂದ ಹೊರಡುತ್ತದೆ. ಗುಂಡು ನಳಿಗೆಯಲ್ಲಿ ಇರುವಾಗಲೇ ಆಯುಧ ಕೈಯಲ್ಲಿ ಮೇಲಕ್ಕೆ ತಿರುಗತೊಡಗುತ್ತದೆ. ಎರಡು ಸೈಟ್‌ಗಳ ನಡುವಿನ ಅಂತರವೂ ಕಡಿಮೆ. ಹೀಗಾಗಿ ಗುಂಡು ತಪ್ಪಿದಾಗಲೆಲ್ಲ ತಪ್ಪು ಸೈಟಿನದೇ ಆಗಿರಬೇಕೆಂದಿಲ್ಲ. ಚೇಂಬರ್, ಕಾಡತೂಸು, ಹಿಡಿತ, ಬೆಳಕು ಇವುಗಳ ದೋಷದಿಂದ ಸೈಟಿನ ದೋಷವನ್ನು ಬೇರ್ಪಡಿಸಿ ನೋಡುವುದೇ ಸೈಟ್ ಪರೀಕ್ಷೆಯ ಮುಖ್ಯ ಕೆಲಸ.

ಇತಿಹಾಸ

19ನೆಯ ಶತಮಾನದ ಮಧ್ಯಭಾಗದ ಕೋಲ್ಟ್ ಕಂಪನಿಯ ಕ್ಯಾಪ್ ರಿವಾಲ್ವರ್‌ಗಳಲ್ಲಿ ಹಿಂದಿನ ಸೈಟ್ ಎಂಬ ಬಿಡಿ ಭಾಗವೇ ಇರಲಿಲ್ಲ. ಹ್ಯಾಮರಿನ ಮೂಗಿನಲ್ಲಿ ಕೊರೆದ ಕಚ್ಚೇ ಸೈಟ್. ಹ್ಯಾಮರ್ ಎಳೆದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತಿತ್ತು. 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ಮಾದರಿಯಲ್ಲಿ ಚೌಕಟ್ಟಿನ ಮೇಲ್ಪಟ್ಟಿಯಲ್ಲೇ ಉದ್ದನೆಯ ತೋಡು ಕೊರೆದು ಹಿಂದಿನ ಸೈಟ್ ಮಾಡಿದರು. ಇಂಥ ಸ್ಥಿರ ಸೈಟ್ ಗಟ್ಟಿಮುಟ್ಟು, ಆದರೆ ಒಂದು ಬಗೆಯ ಕಾಡತೂಸಿಗೆ, ಒಂದು ದೂರಕ್ಕೆ ಮಾತ್ರ ಅದು ಸರಿಹೊಂದುತ್ತದೆ. ಕಾಡತೂಸು ಬದಲಾದರೆ ಮುಂದಿನ ಅಲಗನ್ನು ಅರದಿಂದ ಉಜ್ಜಬೇಕು, ಇಲ್ಲವೆ ಗುರಿಯನ್ನೇ ಅಂದಾಜಿನಲ್ಲಿ ಆಚೀಚೆ ಇಡಬೇಕು.

ಹೊಂದಾಣಿಕೆ ಸೈಟನ್ನು ಹುಟ್ಟಿಸಿದ್ದು ಸೈನ್ಯದ ಅಗತ್ಯವಲ್ಲ, ಪಂದ್ಯಗಳ ಪೈಪೋಟಿ. 1880ರ ದಶಕದಲ್ಲಿ ಅಮೆರಿಕದ ಐರಾ ಪೇನ್‌ನಂಥ ಪ್ರದರ್ಶನ ಶೂಟರ್‌ಗಳು ರಿವಾಲ್ವರಿನಿಂದ ಎಷ್ಟು ನಿಖರವಾಗಿ ಹೊಡೆಯಬಹುದೆಂಬುದನ್ನು ತೋರಿಸಿದರು. ಅದೇ ದಶಕದ ಕೊನೆಗೆ ಸ್ಮಿತ್ ಅಂಡ್ ವೆಸನ್ ಕಂಪನಿ ತನ್ನ ನ್ಯೂ ಮಾಡೆಲ್ ನಂಬರ್ 3 ರಿವಾಲ್ವರಿನ ಟಾರ್ಗೆಟ್ ರೂಪವನ್ನು .32-44 ಮತ್ತು .38-44 ಎಂಬ ವಿಶೇಷ ಕಾಡತೂಸುಗಳಿಗೆ ತಯಾರಿಸಿತು. ಇಂಗ್ಲೆಂಡಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ 1890ರಲ್ಲಿ ವಿಂಬಲ್ಡನ್‌ನಿಂದ ಸರ್ರೆಯ ಬಿಸ್ಲೆಗೆ ತನ್ನ ಮೈದಾನವನ್ನು ಬದಲಾಯಿಸಿದ ಮೇಲೆ ಆ ಊರಿನ ಪಂದ್ಯಗಳು ಪ್ರಸಿದ್ಧವಾದವು. ಕೋಲ್ಟ್ ಕಂಪನಿ 1894ರಲ್ಲಿ ಹೊರತಂದ ಮಾದರಿಗೆ ಬಿಸ್ಲೆ ಎಂದೇ ಹೆಸರಿಟ್ಟಿತು. ಆ ಪಂದ್ಯಗಳಲ್ಲಿ ಹೆಸರು ಮಾಡಿದ ವಾಲ್ಟರ್ ವೈನನ್ಸ್ 1901ರಲ್ಲಿ ರಿವಾಲ್ವರ್ ಗುರಿಕಲೆಯ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ.

ಸೈಟಿನ ಆಕಾರ ಇಂದಿನ ರೂಪಕ್ಕೆ ಬಂದದ್ದೂ ಇದೇ ಕಾಲದಲ್ಲಿ. ಪೇನ್ ಹೆಸರಿನ ಸೈಟಿನಲ್ಲಿ ಮುಂದೆ ಗುಂಡನೆಯ ಮಣಿ, ಹಿಂದೆ ದುಂಡು ಕಚ್ಚು. ಬಾಸ್ಟನ್ ನಗರದ ಇ. ಇ. ಪ್ಯಾಟ್ರಿಜ್ 19ನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ತಂದ ಸೈಟಿನಲ್ಲಿ ಮುಂದೆ ಚಪ್ಪಟೆ ತಲೆಯ ಅಲಗು, ಹಿಂದೆ ಚೌಕ ಕಚ್ಚು. ನೇರ ಅಂಚುಗಳನ್ನು ಒಂದೇ ಮಟ್ಟಕ್ಕೆ ತರುವುದು ಕಣ್ಣಿಗೆ ಸುಲಭ. ಮಣಿಯ ತುದಿ ಎಲ್ಲಿದೆಯೆಂದು ಊಹಿಸುವುದು ಕಷ್ಟ. ಗುರಿಪಂದ್ಯಗಳಲ್ಲಿ ಪ್ಯಾಟ್ರಿಜ್ ಸೈಟ್ ಉಳಿದದ್ದು ಈ ಕಾರಣಕ್ಕೆ.

1904ರಲ್ಲಿ ಬಂದ ಕೋಲ್ಟ್ ಆಫೀಸರ್ಸ್ ಮಾಡೆಲ್‌ನ ಹಳೆಯ ರೂಪಗಳಲ್ಲಿ ಎತ್ತರದ ಹೊಂದಾಣಿಕೆ ಮುಂದಿನ ಸೈಟಿನಲ್ಲಿ, ಅಡ್ಡ ಹೊಂದಾಣಿಕೆ ಹಿಂದಿನ ಸೈಟಿನಲ್ಲಿ ಇತ್ತು. ತಿರುಪನ್ನು ಎಷ್ಟು ತಿರುಗಿಸಿದೆವೆಂದು ಎಣಿಸಲು ಅದರಲ್ಲಿ ಕ್ಲಿಕ್ ಇರಲಿಲ್ಲ. 1940ರಲ್ಲಿ ಸ್ಮಿತ್ ಅಂಡ್ ವೆಸನ್ ತನ್ನ .22 ರಿವಾಲ್ವರ್ ಕೆ-22 ಮಾಸ್ಟರ್‌ಪೀಸ್‌ಗೆ ಮೈಕ್ರೊಮೀಟರ್ ಕ್ಲಿಕ್ ಸೈಟ್ ಜೋಡಿಸಿತು. ಎರಡನೆಯ ಮಹಾಯುದ್ಧದಿಂದಾಗಿ ಅದರ ತಯಾರಿಕೆ ಬೇಗನೆ ನಿಂತಿತು. ಯುದ್ಧ ಮುಗಿದ ಮೇಲೆ ಕೆ-22, ಕೆ-32, ಕೆ-38 ಎಂಬ ಮೂರೂ ಮಾಸ್ಟರ್‌ಪೀಸ್‌ಗಳು ಅದೇ ಸೈಟಿನೊಂದಿಗೆ ಬಂದವು. 1957ರಲ್ಲಿ ಕಂಪನಿ ಅಂಕಿ ಹೆಸರುಗಳಿಗೆ ಬದಲಾಯಿಸಿದಾಗ ಅವು ಕ್ರಮವಾಗಿ ಮಾಡೆಲ್ 17, 16 ಮತ್ತು 14 ಆದವು. 1955ರಲ್ಲಿ ಕೋಲ್ಟ್ ಪೈಥಾನ್ ಮತ್ತು ರೂಗರ್ ಬ್ಲ್ಯಾಕ್‌ಹಾಕ್ ಎರಡೂ ಹೊಂದಾಣಿಕೆ ಸೈಟಿನೊಂದಿಗೇ ಮಾರುಕಟ್ಟೆಗೆ ಬಂದವು. ಸೋವಿಯತ್ ಒಕ್ಕೂಟದ ತುಲಾ ಕಾರ್ಖಾನೆ 7.62 ಮಿ.ಮೀ. ವ್ಯಾಸದ ಟಿಒಝಡ್-36 ಮತ್ತು ಟಿಒಝಡ್-49 ಸ್ಪರ್ಧಾ ರಿವಾಲ್ವರ್‌ಗಳನ್ನು ತಯಾರಿಸಿತು. ಇವುಗಳಲ್ಲಿ ಸಿಲಿಂಡರ್ ಮುಂದೆ ಸರಿದು ನಳಿಗೆಗೆ ಒತ್ತಿಕೊಳ್ಳುವುದರಿಂದ ಅನಿಲ ಸೋರುವ ಸಂದು ಮುಚ್ಚುತ್ತದೆ. ಫ್ರಾನ್ಸಿನ ಮನ್ಯೂರಿನ್ ಕಂಪನಿಯ 1973ರ ಎಂಆರ್ 73 ಮಾದರಿಯಿಂದ ಎಂಆರ್ 32, ಎಂಆರ್ 38 ಎಂಬ ಪಂದ್ಯದ ರೂಪಗಳು ಬೆಳೆದವು.

ರಚನೆ

ಸ್ಮಿತ್ ಅಂಡ್ ವೆಸನ್ ಸೈಟ್ ಈ ವರ್ಗದ ಮಾದರಿ ರಚನೆ. ಉದ್ದನೆಯ ತೆಳು ಉಕ್ಕಿನ ಪಟ್ಟಿಯೊಂದನ್ನು ಚೌಕಟ್ಟಿನ ಮೇಲ್ಪಟ್ಟಿಯ ತೋಡಿನಲ್ಲಿ ಕೂರಿಸಿ ಮುಂಭಾಗದಲ್ಲಿ ತಿರುಪಿನಿಂದ ಬಿಗಿಯುತ್ತಾರೆ. ಪಟ್ಟಿ ತಾನೇ ಸ್ಪ್ರಿಂಗಿನಂತೆ ಕೆಳಕ್ಕೆ ಒತ್ತಿಕೊಳ್ಳುತ್ತದೆ. ಹಿಂಭಾಗದ ಎತ್ತರದ ತಿರುಪನ್ನು ತಿರುಗಿಸಿದಾಗ ಪಟ್ಟಿಯ ಹಿಂತುದಿ ಏರುತ್ತದೆ ಅಥವಾ ಇಳಿಯುತ್ತದೆ. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಇಳಿಯುತ್ತದೆ. ಬಲಬದಿಯ ಇನ್ನೊಂದು ತಿರುಪು ಕಚ್ಚಿನ ಫಲಕವನ್ನು ಅಡ್ಡಕ್ಕೆ ಸರಿಸುತ್ತದೆ. ಸ್ಪ್ರಿಂಗ್ ಒತ್ತಿದ ಸಣ್ಣ ಗೂಟವೊಂದು ತಿರುಪಿನ ಸುತ್ತಲಿನ ಕುಳಿಗಳಲ್ಲಿ ಒಂದೊಂದಾಗಿ ಬಿದ್ದೇಳುವುದೇ ಕೈಗೆ ಕ್ಲಿಕ್ ಆಗಿ ತಿಳಿಯುತ್ತದೆ.

ಮುಂದಿನ ಅಲಗು ಕೆಲವು ಮಾದರಿಗಳಲ್ಲಿ ನಳಿಗೆಯದೇ ಭಾಗವಾಗಿರುತ್ತದೆ, ಕೆಲವದರಲ್ಲಿ ಗೂಟದಿಂದ ಕೂರಿಸಿರುತ್ತದೆ. ಅಮೆರಿಕದ ಡಾನ್ ವೆಸನ್ ರಿವಾಲ್ವರ್‌ಗಳಲ್ಲಿ ನಳಿಗೆಯನ್ನೇ ಬದಲಿಸಬಹುದು, ಅಲಗನ್ನೂ ಬದಲಿಸಬಹುದು. ನಳಿಗೆ ಬದಲಾದಾಗಲೆಲ್ಲ ಸೈಟನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ. ಗುರಿಪಂದ್ಯದ ಅಲಗಿಗೆ ಹೊಳಪಿಲ್ಲದ ಕಪ್ಪು ಬಣ್ಣ, ನೆಟ್ಟಗಿನ ಹಿಂಬದಿ ಬೇಕು. ಒರೆಯಿಂದ ಬೇಗ ಎಳೆಯಲೆಂದು ಇಳಿಜಾರಾಗಿ ಮಾಡಿದ ಅಲಗು ಬೆಳಕನ್ನು ಕಣ್ಣಿಗೆ ಹಿಂದಿರುಗಿಸುತ್ತದೆ. ಕೆಂಪು ತುಣುಕು ಕೂರಿಸಿದ ಅಲಗಿನ ಮೇಲಂಚು ಕೆಲವು ಬೆಳಕಿನಲ್ಲಿ ಕಣ್ಣಿಗೆ ಮಸುಕಾಗುತ್ತದೆ. ಹಳೆಯ ಶೂಟರ್‌ಗಳು ಕಾರ್ಬೈಡ್ ದೀಪದ ಹೊಗೆಯಲ್ಲಿ ಸೈಟಿಗೆ ಮಸಿ ಹಿಡಿಸುತ್ತಿದ್ದದ್ದು ಹೊಳಪನ್ನು ಕೊಲ್ಲುವುದಕ್ಕೇ.

ಸರಿಕೆಯ ಲೆಕ್ಕ

ಹಿಂದಿನ ಸೈಟನ್ನು ಯಾವ ಕಡೆ ಸರಿಸುತ್ತೇವೋ ಗುಂಡೂ ಆ ಕಡೆಗೇ ಸರಿಯುತ್ತದೆ. ಮುಂದಿನ ಸೈಟನ್ನು ಸರಿಸಿದರೆ ಗುಂಡು ವಿರುದ್ಧ ದಿಕ್ಕಿಗೆ ಹೋಗುತ್ತದೆ. ಸರಿಕೆಯ ಪ್ರಮಾಣ ಎರಡು ಸೈಟ್‌ಗಳ ನಡುವಿನ ಅಂತರವನ್ನು ಅವಲಂಬಿಸಿದೆ. ಸೈಟ್ ಸರಿದ ದೂರವನ್ನು ಟಾರ್ಗೆಟ್ಟಿನ ದೂರದಿಂದ ಗುಣಿಸಿ, ಸೈಟ್ ಅಂತರದಿಂದ ಭಾಗಿಸಿದರೆ ಗುಂಡು ಎಷ್ಟು ಸರಿಯುತ್ತದೆಂಬುದು ಸಿಗುತ್ತದೆ.

ಒಂದು ಉದಾಹರಣೆ ನೋಡಬಹುದು. ಆರು ಅಂಗುಲ ನಳಿಗೆಯ ರಿವಾಲ್ವರೊಂದರ ಸೈಟ್ ಅಂತರ 180 ಮಿ.ಮೀ. ಎಂದುಕೊಳ್ಳೋಣ. ಅದರ ತಿರುಪು ಒಂದು ಸುತ್ತಿಗೆ 0.5 ಮಿ.ಮೀ. ಮುಂದುವರಿಯುತ್ತದೆ, ಸುತ್ತಿಗೆ 10 ಕ್ಲಿಕ್ ಇವೆ. ಆಗ ಒಂದು ಕ್ಲಿಕ್ಕಿಗೆ ಸೈಟ್ ಸರಿಯುವುದು 0.05 ಮಿ.ಮೀ. 25 ಮೀಟರಿನಲ್ಲಿ ಇದು ಸುಮಾರು 7 ಮಿ.ಮೀ., 50 ಮೀಟರಿನಲ್ಲಿ ಸುಮಾರು 14 ಮಿ.ಮೀ. ಆಗುತ್ತದೆ. ಅದೇ ತಿರುಪು ಗಿಡ್ಡ ನಳಿಗೆಯ, 130 ಮಿ.ಮೀ. ಸೈಟ್ ಅಂತರದ ಆಯುಧದಲ್ಲಿದ್ದರೆ 25 ಮೀಟರಿನಲ್ಲಿ ಒಂದು ಕ್ಲಿಕ್ಕಿಗೆ ಸುಮಾರು 9.6 ಮಿ.ಮೀ. ಆದ್ದರಿಂದ ಒಂದು ಕ್ಲಿಕ್ ಎಷ್ಟೆಂಬುದಕ್ಕೆ ಎಲ್ಲ ರಿವಾಲ್ವರ್‌ಗಳಿಗೂ ಒಪ್ಪುವ ಒಂದೇ ಉತ್ತರವಿಲ್ಲ.

ಮುಂದಿನ ಅಲಗನ್ನು ಉಜ್ಜುವಾಗಲೂ ಇದೇ ಲೆಕ್ಕ. 25 ಮೀಟರಿನಲ್ಲಿ ಗುಂಡು 100 ಮಿ.ಮೀ. ಕೆಳಗೆ ಬೀಳುತ್ತಿದ್ದರೆ 180 ಮಿ.ಮೀ. ಸೈಟ್ ಅಂತರದ ಆಯುಧದ ಅಲಗನ್ನು ಸುಮಾರು 0.7 ಮಿ.ಮೀ. ತಗ್ಗಿಸಬೇಕು. ಉಜ್ಜಿದ ಲೋಹ ಮರಳಿ ಬರುವುದಿಲ್ಲವಾದ್ದರಿಂದ ಹಿಂದಿನ ಸೈಟನ್ನು ಅದರ ಕೊನೆಯ ಮಟ್ಟಕ್ಕೆ ಏರಿಸಿ ನೋಡಿದ ಮೇಲೆಯೇ ಅರಕ್ಕೆ ಕೈಹಾಕುತ್ತಾರೆ.

ಕಣ್ಣು ಸೈಟನ್ನೇ ನೋಡಬೇಕು, ಟಾರ್ಗೆಟ್ಟನ್ನಲ್ಲ ಎಂದು ತರಬೇತುದಾರರು ಹೇಳುವುದಕ್ಕೂ ಇದೇ ಲೆಕ್ಕ ಆಧಾರ. ಕಚ್ಚಿನಲ್ಲಿ ಅಲಗು ಅರ್ಧ ಮಿ.ಮೀ. ಪಕ್ಕಕ್ಕೆ ಸರಿದರೆ 25 ಮೀಟರಿನಲ್ಲಿ ಗುಂಡು ಸುಮಾರು 69 ಮಿ.ಮೀ. ಆಚೆ ಬೀಳುತ್ತದೆ. ಹತ್ತರ ಉಂಗುರದ ವ್ಯಾಸ 50 ಮಿ.ಮೀ. ಇರುವ ಟಾರ್ಗೆಟ್ಟಿನಲ್ಲಿ ಅದು ಎಂಟಕ್ಕೆ ಹೋದಂತೆ. ಸೈಟ್ ಕೂಡಿದ ಸ್ಥಿತಿಯಲ್ಲಿಯೇ ಇಡೀ ಆಯುಧ ಅರ್ಧ ಮಿ.ಮೀ. ಪಕ್ಕಕ್ಕೆ ಜರುಗಿದರೆ ಗುಂಡು ಸರಿಯುವುದೂ ಅರ್ಧ ಮಿ.ಮೀ. ಮಾತ್ರ.

ಗುಂಡಿನ ಜಾಗ ಬದಲಾಗಲು ಕಾರಣಗಳು

ರಿವಾಲ್ವರಿನ ನಳಿಗೆ ಹಿಡಿಗಿಂತ ಎತ್ತರದಲ್ಲಿರುವುದರಿಂದ ಒದೆತವು ಆಯುಧವನ್ನು ಹಿಂದಕ್ಕೆ ತಳ್ಳುವುದರ ಜೊತೆಗೆ ಮೂತಿಯನ್ನು ಮೇಲಕ್ಕೆ ತಿರುಗಿಸುತ್ತದೆ. ಗುಂಡು ಮೂತಿ ದಾಟುವಷ್ಟರಲ್ಲಿ ಈ ತಿರುಗುವಿಕೆ ಶುರುವಾಗಿರುತ್ತದೆ. ಅದಕ್ಕೆಂದೇ ಮುಂದಿನ ಅಲಗನ್ನು ಎತ್ತರವಾಗಿ ಮಾಡಿ, ಗುರಿಯಿಟ್ಟಾಗ ನಳಿಗೆ ಗುರಿರೇಖೆಗಿಂತ ತುಸು ಕೆಳಮುಖವಾಗಿರುವಂತೆ ನೋಡಿಕೊಳ್ಳುತ್ತಾರೆ.

ಹೊಸಬರಿಗೆ ಅಚ್ಚರಿಯೆನಿಸುವ ಸಂಗತಿ ಇಲ್ಲಿಂದಲೇ ಹುಟ್ಟುತ್ತದೆ: ಹತ್ತಿರದ ದೂರದಲ್ಲಿ ಭಾರವಾದ, ನಿಧಾನದ ಗುಂಡು ಮೇಲೆ ಬೀಳುತ್ತದೆ, ಹಗುರವಾದ, ವೇಗದ ಗುಂಡು ಕೆಳಗೆ ಬೀಳುತ್ತದೆ. ನಿಧಾನದ ಗುಂಡು ನಳಿಗೆಯಲ್ಲಿ ಹೆಚ್ಚು ಹೊತ್ತು ಇರುವುದರಿಂದ ಮೂತಿ ಅಷ್ಟು ಹೆಚ್ಚು ಏರಿರುತ್ತದೆ. .38 ಸ್ಪೆಷಲ್ ರಿವಾಲ್ವರಿಗೆ 148 ಗ್ರೇನ್ ತೂಕದ ಚಪ್ಪಟೆ ಮೂತಿಯ ವಾಡ್‌ಕಟರ್ ಗುಂಡಿನಿಂದ ಸೈಟ್ ಹೊಂದಿಸಿ, ಅನಂತರ 158 ಗ್ರೇನ್ ಅಥವಾ 110 ಗ್ರೇನ್ ಗುಂಡು ಹೊಡೆದರೆ ಬೀಳುವ ಜಾಗ ಒಂದೇ ಆಗಿರದು. ಟಾರ್ಗೆಟ್ ಕಾಗದದಲ್ಲಿ ಅಂಚು ಹರಿಯದ ದುಂಡು ತೂತು ಮಾಡುವ ವಾಡ್‌ಕಟರ್ ಪಂದ್ಯಕ್ಕೂ ಪರೀಕ್ಷೆಗೂ ಅನುಕೂಲ.

ಹಿಡಿತವೂ ಒಂದು ಕಾರಣ. ಸಡಿಲ ಹಿಡಿತದಲ್ಲಿ ಮೂತಿ ಹೆಚ್ಚು ಏರುತ್ತದೆ. ಒಂದು ಕೈಯಲ್ಲಿ ಹಿಡಿದಾಗ ಹೊಂದಿಸಿದ ಸೈಟ್ ಎರಡು ಕೈಯಲ್ಲಿ ಹಿಡಿದಾಗ ತುಸು ಬೇರೆ ಕಡೆ ಹೊಡೆಯಬಹುದು. ಹಿಡಿಯ ಮರದ ಹಲಗೆಗಳನ್ನು ಬದಲಿಸಿದರೂ ಹೀಗೇ ಆಗುತ್ತದೆ. ಆದ್ದರಿಂದ ಸೈಟ್ ಹೊಂದಾಣಿಕೆ ಆಯುಧ, ಕಾಡತೂಸು ಮತ್ತು ಶೂಟರ್ ಈ ಮೂರಕ್ಕೂ ಸೇರಿದ್ದು. ಒಬ್ಬರ ಹೊಂದಾಣಿಕೆ ಇನ್ನೊಬ್ಬರಿಗೆ ಹಾಗೆಯೇ ಒಪ್ಪುವುದಿಲ್ಲ.

ದೂರದ ಪರಿಣಾಮವನ್ನೂ ಲೆಕ್ಕ ಹಾಕಬಹುದು. ಸೆಕೆಂಡಿಗೆ ಸುಮಾರು 220 ಮೀಟರ್ ವೇಗದಲ್ಲಿ ಹೊರಡುವ ವಾಡ್‌ಕಟರ್ ಗುಂಡಿಗೆ 25 ಮೀಟರಿನಲ್ಲಿ ಸೈಟ್ ಹೊಂದಿಸಿದ್ದರೆ 50 ಮೀಟರಿನಲ್ಲಿ ಅದು ಸುಮಾರು 13 ಸೆಂ.ಮೀ. ಕೆಳಗೆ ಬೀಳುತ್ತದೆ. ಮೇಲಿನ ಉದಾಹರಣೆಯ ಸೈಟಿನಲ್ಲಿ ಇದನ್ನು ಸರಿದೂಗಿಸಲು ಒಂಬತ್ತು ಹತ್ತು ಕ್ಲಿಕ್ ಏರಿಸಬೇಕು.

ಗುರಿಯಿಡುವ ಕ್ರಮ ಮತ್ತು ಬೆಳಕು

ಕಪ್ಪು ವೃತ್ತದ ನಡುವೆಯೇ ಅಲಗಿನ ತಲೆಯನ್ನು ಇಡುವುದು ಒಂದು ಕ್ರಮ. ವೃತ್ತದ ತಳಕ್ಕೆ ಅಲಗಿನ ತಲೆ ತಾಗುವಂತೆ ಅಥವಾ ನಡುವೆ ಬಿಳಿಯ ಸಣ್ಣ ಸಂದು ಉಳಿಯುವಂತೆ ಇಡುವುದು ಇನ್ನೊಂದು. ಎರಡನೆಯದರಲ್ಲಿ ಕಪ್ಪು ಅಲಗು ಬಿಳಿ ಕಾಗದದ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಗುಂಡು ಗುರಿಯಿಟ್ಟ ಜಾಗಕ್ಕಿಂತ ವೃತ್ತದ ಅರ್ಧದಷ್ಟು ಮೇಲೆ ಬೀಳುವಂತೆ ಸೈಟ್ ಹೊಂದಿಸಬೇಕು. 25 ಮೀಟರ್ ನಿಖರತಾ ಟಾರ್ಗೆಟ್ಟಿನ ಕಪ್ಪು ವೃತ್ತದ ವ್ಯಾಸ 200 ಮಿ.ಮೀ. ಇರುವುದರಿಂದ ಈ ಮೇಲೇರಿಕೆ ಕನಿಷ್ಠ 100 ಮಿ.ಮೀ. ಆಗುತ್ತದೆ.

ಅಲಗಿನ ಅಗಲಕ್ಕೂ ಟಾರ್ಗೆಟ್ಟಿಗೂ ನಂಟಿದೆ. ಸ್ಪರ್ಧಾ ರಿವಾಲ್ವರಿನಲ್ಲಿ ಸಾಮಾನ್ಯವಾದ 3.2 ಮಿ.ಮೀ. ಅಗಲದ ಅಲಗು ಕಣ್ಣಿನಿಂದ 800 ಮಿ.ಮೀ. ದೂರದಲ್ಲಿದ್ದಾಗ 50 ಮೀಟರಿನ 200 ಮಿ.ಮೀ. ವೃತ್ತದಷ್ಟೇ ಅಗಲವಾಗಿ ಕಾಣುತ್ತದೆ. 25 ಮೀಟರಿನಲ್ಲಿ ಅದೇ ವೃತ್ತ ಅಲಗಿನ ಎರಡರಷ್ಟು ಅಗಲ.

ಬಿಸಿಲು ಒಂದು ಬದಿಯಿಂದ ಬಿದ್ದಾಗ ಹೊಳೆಯುವ ಅಲಗಿನ ಆ ಬದಿ ಮಾತ್ರ ಬೆಳಗುತ್ತದೆ. ಕಣ್ಣು ಬೆಳಗಿದ ಭಾಗವನ್ನೇ ಅಲಗಿನ ನಡು ಎಂದು ತಿಳಿದು ಕಚ್ಚಿನಲ್ಲಿ ಕೂರಿಸುವುದರಿಂದ ಗುಂಡು ಬೆಳಕು ಬಂದ ದಿಕ್ಕಿನಿಂದ ಆಚೆಗೆ ಹೋಗುತ್ತದೆ. ಬೆಳಗಿನ ಅಭ್ಯಾಸದಲ್ಲಿ ಸರಿಯಿದ್ದ ಸೈಟ್ ಸಂಜೆ ಪಕ್ಕಕ್ಕೆ ಹೊಡೆದರೆ ತಿರುಪಿಗೆ ಕೈಹಾಕುವ ಮೊದಲು ಅಲಗಿನ ಹೊಳಪನ್ನು ನೋಡಬೇಕು.

ಪರೀಕ್ಷೆಯ ವಿಧಾನಗಳು

ಪರೀಕ್ಷೆ ನಡೆಯಬೇಕಾದದ್ದು ಪರವಾನಗಿ ಪಡೆದ ಶೂಟಿಂಗ್ ರೇಂಜಿನಲ್ಲಿ, ಕಣ್ಣು ಕಿವಿಗೆ ರಕ್ಷಣೆಯೊಂದಿಗೆ. ತಿರುಪು ಮುಟ್ಟುವಾಗಲೆಲ್ಲ ಸಿಲಿಂಡರ್ ತೆರೆದು ಖಾಲಿಯಾಗಿರಬೇಕು, ಮೂತಿ ಟಾರ್ಗೆಟ್ ಕಡೆಗಿರಬೇಕು.

ಗುಂಡಿಲ್ಲದ ತಪಾಸಣೆ: ಮೊದಲು ಹಿಂದಿನ ಸೈಟನ್ನು ಬೆರಳಿನಿಂದ ಒತ್ತಿ, ಪಕ್ಕಕ್ಕೆ ಅಲ್ಲಾಡಿಸಿ ನೋಡುತ್ತಾರೆ. ಒತ್ತಿದ ಪಟ್ಟಿ ತನ್ನ ಜಾಗಕ್ಕೆ ಮರಳಬೇಕು. ಫಲಕ ಅಡ್ಡಕ್ಕೆ ಜಾರಬಾರದು. ಪಟ್ಟಿಯ ಮುಂದಿನ ತಿರುಪು ಬಿಗಿಯಾಗಿದೆಯೇ, ಅಲಗಿನ ಗೂಟ ಸಡಿಲವಾಗಿದೆಯೇ ಎಂದು ನೋಡುತ್ತಾರೆ. ಎರಡೂ ತಿರುಪುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ಒಟ್ಟು ಕ್ಲಿಕ್ ಎಣಿಸಿ, ಕ್ಯಾಲಿಪರಿನಿಂದ ಒಟ್ಟು ಸರಿಕೆಯನ್ನು ಅಳೆದರೆ ಒಂದು ಕ್ಲಿಕ್ಕಿನ ಲೆಕ್ಕದ ಬೆಲೆ ಗುಂಡು ಹೊಡೆಯುವ ಮೊದಲೇ ಸಿಗುತ್ತದೆ. ತಿರುಪಿನ ಸೀಳಿಗೆ ಸರಿಯಾಗಿ ಕೂರುವ ತಿರುಪುಳಿಯನ್ನೇ ಬಳಸಬೇಕು. ಸಡಿಲ ತಿರುಪುಳಿ ಸೀಳನ್ನು ಕೆಡಿಸುತ್ತದೆ.

ಚೇಂಬರ್ ಪರೀಕ್ಷೆ: ಸೈಟಿನ ಬಗ್ಗೆ ತೀರ್ಪು ಹೇಳುವ ಮೊದಲು ಸಿಲಿಂಡರನ್ನು ವಿಚಾರಿಸಬೇಕು. ಚೇಂಬರ್‌ಗಳಿಗೆ 1ರಿಂದ 6ರವರೆಗೆ ಗುರುತು ಹಾಕಿ, ಪ್ರತಿ ಚೇಂಬರಿನಿಂದ ಐದೈದು ಗುಂಡುಗಳನ್ನು ಬೇರೆ ಬೇರೆ ಟಾರ್ಗೆಟ್ಟಿಗೆ ಹೊಡೆಯುತ್ತಾರೆ. ಐದು ಟಾರ್ಗೆಟ್‌ಗಳಲ್ಲಿ ಗುಂಡುಗಳು ಒಂದೇ ಕಡೆ ಗುಂಪುಗೂಡಿ ಆರನೆಯದರಲ್ಲಿ ಪಕ್ಕಕ್ಕೆ ಬಿದ್ದಿದ್ದರೆ ಆ ಚೇಂಬರ್ ನಳಿಗೆಗೆ ಸರಿಯಾಗಿ ಎದುರಾಗುತ್ತಿಲ್ಲ. ಯಾವ ತಿರುಪಿನಿಂದಲೂ ಅದು ಸರಿಯಾಗದು. ಪಂದ್ಯದಲ್ಲಿ ಐದು ಗುಂಡಿನ ಸರಣಿಗಳೇ ಇರುವುದರಿಂದ ಕೆಲವರು ಅಂಥ ಚೇಂಬರನ್ನು ಖಾಲಿ ಬಿಡುತ್ತಾರೆ.

ಆಧಾರದ ಮೇಲಿನ ಪರೀಕ್ಷೆ: ಕೈಯ ನಡುಕವನ್ನು ಕಡಿಮೆ ಮಾಡಲು ಮಣಿಕಟ್ಟನ್ನು ಅಥವಾ ಹಿಡಿಯನ್ನು ಮರಳಿನ ಚೀಲದ ಮೇಲೆ ಇಡುತ್ತಾರೆ. ನಳಿಗೆಯನ್ನು ಚೀಲಕ್ಕೆ ಒರಗಿಸಿದರೆ ಒದೆತದ ರೀತಿಯೇ ಬದಲಾಗಿ ಗುಂಡು ಬೇರೆ ಎತ್ತರಕ್ಕೆ ಹೋಗುತ್ತದೆ. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿನಿಂದ ಬಿಸಿ ಅನಿಲವೂ ಸೀಸದ ಚೂರುಗಳೂ ಪಕ್ಕಕ್ಕೆ ಚಿಮ್ಮುವುದರಿಂದ ಬೆರಳು, ಚೀಲ ಎರಡೂ ಅಲ್ಲಿಂದ ದೂರವಿರಬೇಕು. ಅಮೆರಿಕದ ರ‍್ಯಾನ್ಸಮ್ ರೆಸ್ಟ್‌ನಂಥ ಯಂತ್ರದಲ್ಲಿ ಹಿಡಿಯ ಹಲಗೆಗಳನ್ನು ತೆಗೆದು ಚೌಕಟ್ಟನ್ನೇ ಕಚ್ಚಿ ಹಿಡಿಸುತ್ತಾರೆ. ಅಲ್ಲಿ ಯಾರೂ ಸೈಟಿನಲ್ಲಿ ನೋಡುವುದಿಲ್ಲ. ಆಯುಧ ಮತ್ತು ಕಾಡತೂಸಿನ ಸ್ವಂತ ಹರಡುವಿಕೆ ಎಷ್ಟೆಂಬುದಷ್ಟೇ ಅದರಿಂದ ತಿಳಿಯುತ್ತದೆ. ಯಂತ್ರದಲ್ಲಿ ಗುಂಡುಗಳು ಒಟ್ಟಾಗಿ ಬಿದ್ದು, ಮರಳಿನ ಚೀಲದ ಮೇಲೆ ಚದುರಿದರೆ ಆಗ ಸೈಟ್ ಅಥವಾ ಕಣ್ಣಿನ ಮೇಲೆ ಅನುಮಾನ ಪಡಲು ಆಧಾರವಿದೆ.

ಕ್ಲಿಕ್ಕಿನ ನಿಜಬೆಲೆ: ಒಂದು ಕ್ಲಿಕ್ ತಿರುಗಿಸಿ ಒಂದು ಗುಂಡು ಹೊಡೆದು ಹೋಲಿಸುವುದು ವ್ಯರ್ಥ. ಗುಂಡುಗಳ ಸಹಜ ಹರಡುವಿಕೆ ಒಂದು ಕ್ಲಿಕ್ಕಿಗಿಂತ ದೊಡ್ಡದು. ಒಂದು ಗ್ರೂಪ್, ಅಂದರೆ ಒಂದೇ ಗುರಿಗೆ ಹಲವು ಗುಂಡು ಹೊಡೆದು, 20 ಕ್ಲಿಕ್ ಏರಿಸಿ ಇನ್ನೊಂದು ಗ್ರೂಪ್ ಹೊಡೆದು, ಎರಡು ಗ್ರೂಪ್‌ಗಳ ನಡುಬಿಂದುಗಳ ಅಂತರವನ್ನು 20ರಿಂದ ಭಾಗಿಸುತ್ತಾರೆ. ನಡುಬಿಂದು ಎಂದರೆ ಎಲ್ಲ ತೂತುಗಳ ಸರಾಸರಿ ಜಾಗ. ಅತಿ ದೂರದ ಎರಡು ತೂತುಗಳ ನಡುವಿನ ಜಾಗವಲ್ಲ. ಒಂದೊಂದು ಗುಂಡಿನ ಮಾನಕ ವಿಚಲನೆ 15 ಮಿ.ಮೀ. ಇದ್ದರೆ ಐದು ಗುಂಡಿನ ಸರಾಸರಿಯಲ್ಲಿ ಸುಮಾರು 7 ಮಿ.ಮೀ., ಅಂಥ ಎರಡು ಸರಾಸರಿಗಳ ವ್ಯತ್ಯಾಸದಲ್ಲಿ ಸುಮಾರು 9.5 ಮಿ.ಮೀ. ಅನಿಶ್ಚಿತತೆ ಉಳಿಯುತ್ತದೆ. 20 ಕ್ಲಿಕ್ಕಿನ 139 ಮಿ.ಮೀ. ಸರಿಕೆಯ ಮುಂದೆ ಇದು ಶೇ. 7ರಷ್ಟು, ಒಂದೇ ಕ್ಲಿಕ್ಕಿನ 7 ಮಿ.ಮೀ. ಮುಂದಾದರೆ ಅಳೆಯಬೇಕಾದದ್ದನ್ನೇ ನುಂಗುವಷ್ಟು. ಗುಂಡುಗಳ ಸಂಖ್ಯೆಯನ್ನು ಹತ್ತಕ್ಕೆ ಏರಿಸಿದರೆ ಅನಿಶ್ಚಿತತೆ ಶೇ. 5ರ ಹತ್ತಿರ ಇಳಿಯುತ್ತದೆ.

ಚೌಕ ಪರೀಕ್ಷೆ: ಒಂದೇ ಗುರಿಬಿಂದುವಿಗೆ ಗುರಿಯಿಟ್ಟು ಮೊದಲ ಗ್ರೂಪ್ ಹೊಡೆಯುತ್ತಾರೆ. ಅನಂತರ 20 ಕ್ಲಿಕ್ ಮೇಲಕ್ಕೆ, 20 ಬಲಕ್ಕೆ, 20 ಕೆಳಕ್ಕೆ, 20 ಎಡಕ್ಕೆ ತಿರುಗಿಸುತ್ತಾ ಪ್ರತಿ ಮೂಲೆಯಲ್ಲೂ ಒಂದು ಗ್ರೂಪ್. ಎತ್ತರದ ತಿರುಪಿಗೂ ಅಡ್ಡ ತಿರುಪಿಗೂ ಒಂದೇ ಅಳತೆಯ ಕ್ಲಿಕ್ ಇದ್ದರೆ ಚೌಕವೂ, ಇಲ್ಲದಿದ್ದರೆ ಆಯತವೂ ಮೂಡಬೇಕು. ಕೊನೆಯ ಗ್ರೂಪ್ ಮೊದಲನೆಯದರ ಮೇಲೆಯೇ ಬಂದು ಕೂರಬೇಕು. ಟಾರ್ಗೆಟ್ಟಿನ ಮೇಲೆ ತೂಗುಗುಂಡು ಹಿಡಿದು ಎಳೆದ ಲಂಬರೇಖೆಯಿದ್ದರೆ ಸೈಟ್ ಏರುವಾಗ ಪಕ್ಕಕ್ಕೆ ಜಾರುತ್ತಿದೆಯೇ ಎಂಬುದೂ ತಿಳಿಯುತ್ತದೆ. ಆದರೆ ಆಯುಧವನ್ನು ಒಂದು ಬದಿಗೆ ವಾಲಿಸಿ ಹಿಡಿದರೂ ಇದೇ ಚಿತ್ರ ಬರುತ್ತದೆ. ಹಾಗಾಗಿ ಎರಡನೆಯ ಶೂಟರನಿಂದ ಮತ್ತೆ ಮಾಡಿಸುವುದು ಒಳ್ಳೆಯದು.

ಖಾಲಿ ತಿರುವಿನ ಪರೀಕ್ಷೆ: ತಿರುಪಿನ ಎಳೆಗಳ ನಡುವಿನ ಸಡಿಲದಿಂದ ದಿಕ್ಕು ಬದಲಿಸಿದ ಮೊದಲ ಒಂದೆರಡು ಕ್ಲಿಕ್ ಸದ್ದು ಮಾಡಿದರೂ ಸೈಟ್ ಸರಿಯದಿರಬಹುದು. ಒಂದೇ ಗುರುತಿಗೆ ಒಮ್ಮೆ ಕೆಳಗಿನಿಂದ ಏರಿಸಿ, ಒಮ್ಮೆ ಮೇಲಿನಿಂದ ಇಳಿಸಿ ಎರಡು ಗ್ರೂಪ್ ಹೊಡೆದರೆ ವ್ಯತ್ಯಾಸ ಸಿಗುತ್ತದೆ. ಹಳೆಯ ಸೈಟ್‌ಗಳಲ್ಲಿ ಇದಕ್ಕೆ ಮದ್ದು ಸರಳ: ಇಳಿಸಬೇಕಾದಾಗ ಬೇಕಾದ್ದಕ್ಕಿಂತ ನಾಲ್ಕು ಕ್ಲಿಕ್ ಹೆಚ್ಚು ಇಳಿಸಿ ಮತ್ತೆ ನಾಲ್ಕು ಏರಿಸುವುದು, ಅಂದರೆ ಕೊನೆಯ ತಿರುವು ಯಾವಾಗಲೂ ಒಂದೇ ದಿಕ್ಕಿನದಾಗಿರಬೇಕು.

ಒದೆತದ ಪರೀಕ್ಷೆ: ತಿರುಪಿನ ತಲೆಯ ಮೇಲೂ ಪಕ್ಕದ ಲೋಹದ ಮೇಲೂ ಸೇರಿಸಿ ಒಂದು ತೆಳುಗೆರೆ ಎಳೆದು 50ರಿಂದ 100 ಗುಂಡು ಹೊಡೆಯುತ್ತಾರೆ. ಗೆರೆ ಮುರಿದಿದ್ದರೆ ತಿರುಪು ತಾನಾಗಿ ತಿರುಗಿದೆ. ಗೆರೆ ಸರಿಯಿದ್ದೂ ಗ್ರೂಪ್ ಸರಿದಿದ್ದರೆ ಪಟ್ಟಿ, ಅಲಗು ಅಥವಾ ನಳಿಗೆಯ ಸಡಿಲವನ್ನು ಹುಡುಕಬೇಕು.

ಸಾಮಾನ್ಯ ದೋಷಗಳು

ಗುಂಡು ನಡುವಿಗೆ ಬೀಳುವಾಗ ಕಚ್ಚಿನ ಫಲಕ ಒಂದು ಬದಿಗೆ ತೀರಾ ಸರಿದು ನಿಂತಿದ್ದರೆ ಮುಂದಿನ ಅಲಗು ನೆಟ್ಟಗಿಲ್ಲವೆಂದು ಊಹಿಸಬಹುದು. ರಿವಾಲ್ವರಿನ ನಳಿಗೆಯನ್ನು ಚೌಕಟ್ಟಿಗೆ ತಿರುಪಿನಂತೆ ತಿರುಗಿಸಿ ಕೂರಿಸುವುದರಿಂದ, ತುಸು ಹೆಚ್ಚು ಅಥವಾ ಕಡಿಮೆ ತಿರುಗಿದರೂ ಅಲಗು ಬಲಕ್ಕೋ ಎಡಕ್ಕೋ ವಾಲುತ್ತದೆ. ಅಲಗು ಬಲಕ್ಕೆ ವಾಲಿದ್ದರೆ ಗುಂಡು ಎಡಕ್ಕೆ ಹೋಗುತ್ತದೆ. ಅದನ್ನು ಸರಿಪಡಿಸಲು ಹಿಂದಿನ ಫಲಕವನ್ನೂ ಬಲಕ್ಕೆ ಒಯ್ಯಬೇಕಾಗುತ್ತದೆ.

ಸೈಟ್ ಬದಲಿಸಿದ ಮೇಲೆ ಮೊದಲ ಒಂದೆರಡು ಗುಂಡು ಹಳೆಯ ಜಾಗದ ಹತ್ತಿರ ಬಿದ್ದು ಮೂರನೆಯದರಿಂದ ಹೊಸ ಜಾಗಕ್ಕೆ ಬರುವುದು ದುರ್ಬಲ ಸ್ಪ್ರಿಂಗಿನ ಲಕ್ಷಣ. ಒದೆತವೇ ಸೈಟನ್ನು ಹೊಸ ಜಾಗಕ್ಕೆ ಕೂರಿಸುತ್ತಿರುತ್ತದೆ. ಕ್ಲಿಕ್ ಕೈಗೆ ತಿಳಿಯದಿದ್ದರೆ ಕುಳಿಗಳಲ್ಲಿ ಎಣ್ಣೆ ಮತ್ತು ಮದ್ದಿನ ಮಸಿ ಗಟ್ಟಿಯಾಗಿರಬಹುದು. ಬಹಳ ಸಲ ಶುಚಿ ಮಾಡಿದರೆ ಸಾಕು. ಗ್ರೂಪ್ ಲಂಬವಾಗಿ ಮಾತ್ರ ಉದ್ದವಾಗಿದ್ದರೆ ಹಿಡಿತದ ಏರುಪೇರು ಅಥವಾ ಕಾಡತೂಸಿನ ವೇಗದ ಏರುಪೇರು ಹೆಚ್ಚು ಸಂಭವನೀಯ.

ಸ್ಪರ್ಧೆಗಳಲ್ಲಿ

ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ 25 ಮೀಟರ್ ಸೆಂಟರ್ ಫೈರ್ ವಿಭಾಗದಲ್ಲಿ ಪಿಸ್ತೂಲು, ರಿವಾಲ್ವರ್ ಎರಡಕ್ಕೂ ಅವಕಾಶವಿದೆ. ಗುಂಡಿನ ವ್ಯಾಸ 7.62ರಿಂದ 9.65 ಮಿ.ಮೀ., ಟ್ರಿಗರ್ ಎಳೆತ ಕನಿಷ್ಠ 1,000 ಗ್ರಾಂ, ನಳಿಗೆ ಗರಿಷ್ಠ 153 ಮಿ.ಮೀ., ಸೈಟ್ ಅಂತರ ಗರಿಷ್ಠ 220 ಮಿ.ಮೀ. ಎಂಬುದು ನಿಯಮ. ತೆರೆದ ಸೈಟ್ ಮಾತ್ರ ಬಳಸಬೇಕು. 30 ಗುಂಡು ನಿಖರತಾ ಹಂತದಲ್ಲಿ, 30 ಗುಂಡು ಟಾರ್ಗೆಟ್ ಮೂರು ಸೆಕೆಂಡು ಮಾತ್ರ ಕಾಣಿಸುವ ವೇಗದ ಹಂತದಲ್ಲಿ. ಪ್ರತಿ ಹಂತಕ್ಕೂ ಮೊದಲು ಲೆಕ್ಕಕ್ಕೆ ಹಿಡಿಯದ ಐದು ಗುಂಡು ಸಿಗುತ್ತವೆ. ಆ ದಿನದ ಬೆಳಕಿಗೆ ಸೈಟ್ ಹೊಂದಿಸಿಕೊಳ್ಳಲು ಇರುವ ಅವಕಾಶ ಇಷ್ಟೇ. ಐದು ಗುಂಡಿನ ಸರಾಸರಿ ಎಷ್ಟು ನಂಬಲರ್ಹ ಎಂಬ ಮೇಲಿನ ಲೆಕ್ಕವನ್ನು ಬಲ್ಲವರು ಒಂದು ಗುಂಡು ಆಚೆ ಹೋಯಿತೆಂದು ತಿರುಪಿಗೆ ಕೈಹಾಕುವುದಿಲ್ಲ.

ಉಕ್ಕಿನ ಪ್ರಾಣಿ ಆಕೃತಿಗಳನ್ನು ಉರುಳಿಸುವ ಸಿಲೂಯೆಟ್ ಪಂದ್ಯದಲ್ಲಿ ಕೋಳಿ, ಹಂದಿ, ಟರ್ಕಿ, ಟಗರುಗಳು ಕ್ರಮವಾಗಿ 50, 100, 150, 200 ಮೀಟರಿನಲ್ಲಿರುತ್ತವೆ. ಪ್ರತಿ ದೂರಕ್ಕೂ ಸೈಟ್ ಬದಲಿಸಿ ಮತ್ತೆ ಮೊದಲಿನ ಜಾಗಕ್ಕೆ ತರಬೇಕಾದ್ದರಿಂದ ಕ್ಲಿಕ್‌ಗಳ ವಿಶ್ವಾಸಾರ್ಹತೆಗೆ ಇಲ್ಲಿ ಅತಿ ಹೆಚ್ಚು ಬೆಲೆ. ಪೊಲೀಸ್ ತರಬೇತಿಯಿಂದ ಬೆಳೆದ ಪಿಪಿಸಿ ಪಂದ್ಯಗಳಲ್ಲಿ 50 ಗಜದವರೆಗೆ ಹೊಡೆಯಬೇಕು. ಅದಕ್ಕೆಂದು ಮಾಡಿದ ದಪ್ಪ ನಳಿಗೆಯ .38 ರಿವಾಲ್ವರ್‌ಗಳ ಮೇಲೆ ಉದ್ದನೆಯ ಸೈಟ್ ಪಟ್ಟಿ ಕೂರಿಸುತ್ತಾರೆ. ಕೆಲವು ಪಟ್ಟಿಗಳಲ್ಲಿ ಮೊದಲೇ ಹೊಂದಿಸಿಟ್ಟ ಬೇರೆ ಬೇರೆ ದೂರಗಳ ನಡುವೆ ಒಂದೇ ತಿರುವಿನಲ್ಲಿ ಬದಲಾಯಿಸಬಹುದು.

ಭಾರತದಲ್ಲಿ

1951ರಲ್ಲಿ ಸ್ಥಾಪನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಆಫ್ ಇಂಡಿಯಾ ದೇಶದ ಗುರಿಸ್ಪರ್ಧೆಗಳನ್ನು ನಡೆಸುತ್ತದೆ. ಸೆಂಟರ್ ಫೈರ್ ವಿಭಾಗದಲ್ಲಿ ಜಸ್ಪಾಲ್ ರಾಣಾ 1994ರ ಹಿರೋಶಿಮಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. 2006ರ ದೋಹಾ ಕೂಟದಲ್ಲಿ 590 ಅಂಕಗಳೊಂದಿಗೆ ವಿಶ್ವದಾಖಲೆಯನ್ನು ಸರಿಗಟ್ಟಿ ಮತ್ತೆ ಚಿನ್ನ ಗೆದ್ದರು. ಈ ಮಟ್ಟದ ಶೂಟರ್‌ಗಳು ಈಗ ರಿವಾಲ್ವರಿಗಿಂತ .32 ಸ್ಮಿತ್ ಅಂಡ್ ವೆಸನ್ ಲಾಂಗ್ ಕಾಡತೂಸಿನ ಅರೆ-ಸ್ವಯಂಚಾಲಿತ ಪಿಸ್ತೂಲನ್ನೇ ಆರಿಸಿಕೊಳ್ಳುತ್ತಾರೆ. ಕಾನ್ಪುರದ ಸರ್ಕಾರಿ ಕಾರ್ಖಾನೆಗಳ .32 ರಿವಾಲ್ವರ್ ಅದೇ ಕಾಡತೂಸನ್ನು ಹೊಡೆಯುತ್ತದೆ. ಆದರೆ ಅದು ಆತ್ಮರಕ್ಷಣೆಗೆಂದು ಮಾಡಿದ, ಗಿಡ್ಡ ನಳಿಗೆಯ, ಸ್ಥಿರ ಸೈಟಿನ ಆಯುಧ. ಅದನ್ನು ಹಿಡಿದು ಅಭ್ಯಾಸ ಮಾಡುವವರಿಗೆ ತಿರುಪಿನ ನೆರವಿಲ್ಲ. ತಮ್ಮ ಆಯುಧ ನಿಶ್ಚಿತ ದೂರದಲ್ಲಿ ಎಲ್ಲಿಗೆ ಹೊಡೆಯುತ್ತದೆಂದು ಗ್ರೂಪ್ ಹೊಡೆದು ತಿಳಿದು, ಆ ವ್ಯತ್ಯಾಸದಷ್ಟು ಗುರಿಬಿಂದುವನ್ನೇ ಸರಿಸಿ ಇಡಬೇಕು. ಚೇಂಬರ್ ಪರೀಕ್ಷೆ, ಗ್ರೂಪ್‌ನ ನಡುಬಿಂದು ಹುಡುಕುವ ಲೆಕ್ಕ, ಒಂದೇ ಹಿಡಿತ, ಒಂದೇ ಬಗೆಯ ಕಾಡತೂಸು ಎಂಬ ಶಿಸ್ತುಗಳು ಸ್ಥಿರ ಸೈಟಿಗೂ ಅಷ್ಟೇ ಅನ್ವಯಿಸುತ್ತವೆ.